ಒಗೆಯುವ ಕಲ್ಲಿನ ಕೆಳಗಿನ ನಾಲ್ಕು ಸಾಲು

ಮೊದಲೇ ಹೇಳಿಬಿಡುತ್ತೇನೆ, ಆ ಕಲ್ಲನ್ನು ದೇವರು ಮಾಡಿದ್ದು ನಾನಲ್ಲ. ನಮ್ಮ ಸೋದರತ್ತೆ ಗಂಗಾಂಬಿಕೆ ಇವತ್ತಿಗೂ ನನ್ನ ಮೇಲೇ ಹೊರಿಸುತ್ತಾರೆ. ನಾನು ಮಾಡಿದ ಅಪರಾಧ ಒಂದೇ, ಡಾಕ್ಟರ್ ಅಭಿರಾಮನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದದ್ದು. ಪೆಟ್ರೋಲೂ ನನ್ನದೇ, ಬೈಗುಳವೂ ನನ್ನದೇ.

ಅಭಿರಾಮ ಮತ್ತು ನಾನು ಗುಬ್ಬಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ನಾನು ಅರ್ಥಶಾಸ್ತ್ರ, ಅವನು ಇತಿಹಾಸ. ಅತಿಥಿ ಅಂದರೆ ಯಾವಾಗ ಬೇಕಾದರೂ ಹೊರಡಿ ಎನ್ನಬಹುದಾದ ಮನುಷ್ಯ. ಅವನಿಗೆ ಪಿಎಚ್.ಡಿ. ಬಂದು ಎಂಟು ತಿಂಗಳಾಗಿತ್ತು. ತುಮಕೂರಿನ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆಗೆ ಸಂದರ್ಶನವೂ ಗೊತ್ತಾಗಿತ್ತು. ಆದರೆ ಸಂದರ್ಶನಕ್ಕೆ ಬರುವವರ ಕೈಯಲ್ಲಿ ಪ್ರಕಟವಾದ, ಇಲ್ಲವೇ ಪ್ರಕಟಣೆಗೆ ಒಪ್ಪಿಕೊಂಡ ಒಂದು ಸಂಶೋಧನಾ ಲೇಖನ ಇರಲೇಬೇಕು. ಅವನ ಗುರುಗಳು ಸೀತಾರಾಮಯ್ಯ ಒಂದು ಇತಿಹಾಸ ಪತ್ರಿಕೆಯ ಸಂಪಾದಕರು. ಇದುವರೆಗೆ ಯಾರೂ ಓದದ ಒಂದು ಶಾಸನ ತಾ, ತಿಂಗಳ ಕೊನೆಯ ಸೋಮವಾರದೊಳಗೆ ತಂದರೆ ಒಪ್ಪಿಗೆ ಪತ್ರ ಕೊಡುತ್ತೇನೆ, ಮಂಗಳವಾರ ತಂದರೆ ಮುಂದಿನ ವರ್ಷ ನೋಡೋಣ ಎಂದಿದ್ದರು.

ಅಭಿರಾಮನ ಗುಣ ಎರಡು. ಏನನ್ನೂ ಮನಸ್ಸಿನಲ್ಲಿ ಓದಿಕೊಳ್ಳಲಾರ, ಬಸ್ಸಿನ ಬೋರ್ಡಾದರೂ ಗಟ್ಟಿಯಾಗಿ ಓದಿ ಪಕ್ಕದವರಿಗೆ ಅರ್ಥ ಬಿಡಿಸಿ ಹೇಳಬೇಕು. ಎರಡನೆಯದು, ಆಧಾರ ಇಲ್ಲದೆ ಏನನ್ನೂ ಖಚಿತವಾಗಿ ಹೇಳಲಾರ. ಊಟ ಆಯಿತೇ ಎಂದರೂ 'ಆಗಿರಬಹುದು' ಎನ್ನುವವನು. ಈ ಎರಡು ಗುಣಗಳೇ ಮುಂದಿನ ಅನಾಹುತಕ್ಕೆಲ್ಲ ಕಾರಣ, ನನ್ನ ಸ್ಕೂಟರ್ ಅಲ್ಲ.

ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ನಮ್ಮ ಅತ್ತೆಯ ಊರು. ಊರ ಪಕ್ಕ ಒಂದು ನೀರಿನ ಕಟ್ಟೆ. ಅದರ ದಡದಲ್ಲಿ ಅತ್ತೆ ಮೂವತ್ತು ವರ್ಷದಿಂದ ಬಟ್ಟೆ ಒಗೆಯುವ ಒಂದು ಚಪ್ಪಡಿ. ಅದರ ಕೆಳಮೈಯಲ್ಲಿ ಏನೋ ಗೀಚಿದೆ, ಬೆರಳಿಗೆ ತಗಲುತ್ತದೆ ಎಂದು ಅವರು ಯಾವಾಗಲೋ ಹೇಳಿದ್ದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟೆ, ಮುಂದಿನ ಭಾನುವಾರ ಕುಣಿಗಲ್ ರಸ್ತೆಯಲ್ಲಿದ್ದೆ.

ಊರಿನ ಆರು ಜನ ಗಂಡಸರು ಸೇರಿ ಕಲ್ಲನ್ನು ಹೊರಳಿಸಿದರು. ಅಕ್ಷರಗಳು ನಿಜವಾಗಿಯೂ ಇದ್ದವು. ಮೇಲೆ ಸೂರ್ಯ, ಚಂದ್ರ, ನಡುವೆ ಒಂದು ಲಿಂಗ, ಅದರ ಕೆಳಗೆ ಸಾಲುಗಳು. ಬುಡದ ಕಡೆಗೆ ಮೂವತ್ತು ವರ್ಷದ ಸಾಬೂನು, ಸುಣ್ಣ ಕಟ್ಟಿಕೊಂಡು ಏನೂ ಕಾಣುತ್ತಿರಲಿಲ್ಲ. ಅಭಿರಾಮನಿಗೆ ಕಣ್ಣಲ್ಲಿ ನೀರೇ ಬಂತು. ಕಲ್ಲನ್ನು ಸ್ವಲ್ಪ ನಿಲ್ಲಿಸಿಕೊಡಿ ಎಂದವನು ಗುರುಗಳಿಗೆ ಫೋನು ಮಾಡಲು ಸಿಗ್ನಲ್ ಹುಡುಕಿಕೊಂಡು ಬೆಟ್ಟ ಹತ್ತಿದ. ಇಳಿದು ಬರುವಷ್ಟರಲ್ಲಿ ಆ ಪುಣ್ಯಾತ್ಮರು ಕಲ್ಲು ವಾಲದಿರಲಿ ಎಂದು ಎರಡಡಿ ಗುಂಡಿ ತೋಡಿ, ಅದರಲ್ಲಿ ಇಳಿಸಿ, ಮಣ್ಣು ತುಳಿದು ಗಟ್ಟಿ ಮಾಡಿದ್ದರು. ಕಲ್ಲು ಎಷ್ಟು ಚೆನ್ನಾಗಿ ನಿಂತಿತ್ತೆಂದರೆ ಅಭಿರಾಮ ಅವರಿಗೆ ಕೈ ಮುಗಿದು ಥ್ಯಾಂಕ್ಸ್ ಹೇಳಿದ. ಕೈ ಮುಗಿಯುವಾಗ ಅವನ ಮುಖ ಕಲ್ಲಿನ ಕಡೆಗಿತ್ತು. ಊರಿನವರು ಇದನ್ನು ಗಮನಿಸಿದರು.

ಆಮೇಲೆ ಅವನು ಶಾಸನದ ಅಚ್ಚು ತೆಗೆಯಲು ಶುರು ಮಾಡಿದ. ಅಚ್ಚು ತೆಗೆಯುವ ಕ್ರಮ ಹೀಗಿದೆ. ಚಪ್ಪಲಿ ಬಿಡಬೇಕು, ಇಲ್ಲದಿದ್ದರೆ ಒದ್ದೆಯಾಗುತ್ತದೆ. ಕಲ್ಲಿನ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿದು ತೊಳೆಯಬೇಕು. ಬಿಳಿ ಕಾಗದವನ್ನು ಮೈತುಂಬ ಹೊದಿಸಬೇಕು. ಬ್ರಷ್ಷಿನಿಂದ ಮೆಲ್ಲಗೆ ತಟ್ಟಿ ಕಾಗದವನ್ನು ಅಕ್ಷರದೊಳಗೆ ಇಳಿಸಿ, ಬಟ್ಟೆಯ ಗಂಟಿನಿಂದ ಕಪ್ಪು ಮಸಿ ಒತ್ತಬೇಕು. ಇಷ್ಟನ್ನೂ ಬಾಯಿ ಮುಚ್ಚಿಕೊಂಡು ಮಾಡಬಹುದು, ಬೇರೆಯವರು ಮಾಡುತ್ತಾರೆ. ಅಭಿರಾಮ ಕಣ್ಣು ಅರ್ಧ ಮುಚ್ಚಿ, ಗಟ್ಟಿ ದನಿಯಲ್ಲಿ, "ಸ್ವಸ್ತಿ ಶ್ರೀ ಜಯಾಭ್ಯುದಯ ಶಾಲಿವಾಹನ ಶಕವರುಷ" ಎಂದು ಶುರು ಮಾಡಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ರಾಗವಾಗಿ ಓದಿದ. ಊರಿನ ಹಿರಿಯರಾದ ಮಹಾಲಿಂಗಯ್ಯ ಮೊದಲು ಟವೆಲ್ಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಕಟ್ಟಿದರು. ನೋಡನೋಡುತ್ತಾ ಉಳಿದವರೂ ಕಟ್ಟಿದರು.

ಅದೇ ಹೊತ್ತಿಗೆ ಎಲ್ಲಿಂದಲೋ ಒಂದು ಹೆಲಿಕಾಪ್ಟರ್ ಬಂದು ನಮ್ಮ ತಲೆಯ ಮೇಲೆ ಎರಡು ಸುತ್ತು ಹಾಕಿ ಹೋಯಿತು. ಪ್ರತಿಷ್ಠಾಪನೆಯ ಹೊತ್ತಲ್ಲಿ ಆಕಾಶದಲ್ಲಿ ಗರುಡ ಸುತ್ತಬೇಕು, ಗರುಡ ಬರೋ ಕಾಲ ಹೋಯ್ತು, ಇದಾದ್ರೂ ಬಂತಲ್ಲ ಎಂದು ಮಹಾಲಿಂಗಯ್ಯ ಮೇಲೆ ನೋಡಿ ಕೈ ಮುಗಿದರು. ಅದು ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿ ಕಡೆಯದಿರಬಹುದು ಎಂದು ಅಭಿರಾಮ ಹೇಳಿದ. ಅವನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಎಲ್ಲರೂ ಹೂವು ತರಲು ಹೋಗಿದ್ದರು.

ತುಮಕೂರಿಗೆ ಬಂದು ಅಚ್ಚನ್ನು ಗುರುಗಳ ಮೇಜಿನ ಮೇಲೆ ಹಾಸಿದೆವು. ಸೀತಾರಾಮಯ್ಯನವರು ಕನ್ನಡಕ ಏರಿಸಿ ಅದರಲ್ಲಿ ಮೂಡಿದ್ದ ಎಂಟೂ ಸಾಲು ಓದಿದರು. ಕಾಲ ಇತ್ತು, ಯಾರೋ ಒಬ್ಬ ನಾಯಕನ ಹೆಸರಿತ್ತು, ಅವನ ಬಿರುದುಗಳಿದ್ದವು. ಬಿರುದು ಮುಗಿಯುವಷ್ಟರಲ್ಲಿ ಮಣ್ಣು ಬಂದಿತ್ತು. ಗುರುಗಳು ತುಂಬ ಶಾಂತವಾಗಿ, ಇವನ ಕಾಲದಲ್ಲಿ ಯಾರು ಏನು ಮಾಡಿದರು ಎಂದು ಕೇಳಿದರು. ಕೆಳಗೆ ಇರಬಹುದು ಸಾರ್ ಎಂದ ಅಭಿರಾಮ. ಹಾಗಾದರೆ ಕೆಳಗಿನದನ್ನು ತಾ, ಬರೀ ಮೇಲಿನದಕ್ಕೆ ಒಪ್ಪಿಗೆ ಪತ್ರ ಬರೆದುಕೊಟ್ಟರೆ ಜನ ನನಗೆ ನಗುತ್ತಾರೆ ಎಂದು ಅವರು ಕಾಗದ ಮಡಿಸಿ ಕೊಟ್ಟರು. ಅಳತೆ ಹಾಕಿ ನೋಡಿದರೆ ಮಣ್ಣಿನೊಳಗೆ ಇನ್ನು ನಾಲ್ಕು ಸಾಲು ಇರಬೇಕು. ಅಭಿರಾಮನ ಕಾಯಂ ನೌಕರಿ ಆ ನಾಲ್ಕು ಸಾಲಿನಲ್ಲಿ, ನಮ್ಮ ಅತ್ತೆಯ ಊರಿನಲ್ಲಿ, ಎರಡಡಿ ಆಳದಲ್ಲಿತ್ತು.

ಮುಂದಿನ ಭಾನುವಾರ ಹೋದಾಗ ಕಲ್ಲಿನ ಗುರುತೇ ಸಿಗಲಿಲ್ಲ. ತಲೆಯಿಂದ ಕೆಳಗಿನವರೆಗೆ ಅರಿಸಿನ, ಕುಂಕುಮ, ಎಳ್ಳೆಣ್ಣೆ. ಕೊರಳಿಗೆ ಕಣಗಿಲೆ ಹಾರ. ಗ್ರಾಮ ಪಂಚಾಯಿತಿ ಸದಸ್ಯ ತಿಮ್ಮರಾಜು ಬಿಳಿ ಷರ್ಟು ಹಾಕಿಕೊಂಡು ನಿಂತಿದ್ದ. ಹೆಸರು ಗೊತ್ತಿಲ್ಲದ ದೇವರಿಗೆ, ಅಭಿರಾಮ ಹೇಳಿದ ಮೊದಲ ಮಾತನ್ನೇ ಆಧಾರ ಮಾಡಿಕೊಂಡು, ಸ್ವಸ್ತೀಶ್ವರಸ್ವಾಮಿ ಎಂದು ನಾಮಕರಣವಾಗಿತ್ತು. ಸೇವಾ ಸಮಿತಿ ಆಗಿತ್ತು. ಕರಪತ್ರ ಆಗಿತ್ತು, ಅದರಲ್ಲಿ 'ಪ್ರತಿಷ್ಠಾಪನಾಚಾರ್ಯರು: ಡಾ. ಅಭಿರಾಮ್, ಗುಬ್ಬಿ' ಎಂದು ದಪ್ಪ ಅಕ್ಷರದಲ್ಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ದಿನವಷ್ಟೇ ಕಲ್ಲಿನ ಸುತ್ತ ಒಂದೂವರೆ ಅಡಿ ಮಣ್ಣು ತೆಗೆದು, ಬುಡವನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಎರಡು ಲೀಟರ್ ಎಣ್ಣೆಯ ಅಭಿಷೇಕ ಮಾಡಿ, ಗುಂಡಿಗೆ ಕಾಂಕ್ರೀಟ್ ಸುರಿದಿದ್ದರು.

"ಭೂಕಂಪ ಆದ್ರೂ ಅಳ್ಳಾಡಕಿಲ್ಲ ಸಾಮಿ, ಹಂಗೆ ಮಾಡಿವ್ನಿ," ಎಂದ ತಿಮ್ಮರಾಜು.

ಅಭಿರಾಮ ಅಲ್ಲೇ ಕೂತು ಎಲ್ಲ ವಿವರಿಸಿದ. ಇದು ದೇವರಲ್ಲ, ಶಾಸನ. ತಾನು ಹೇಳಿದ್ದು ಮಂತ್ರವಲ್ಲ, ಶಾಸನದ ಪಾಠ. ತಾನು ಆಚಾರ್ಯನಲ್ಲ, ಅತಿಥಿ ಉಪನ್ಯಾಸಕ. ಮಹಾಲಿಂಗಯ್ಯ ತಲೆದೂಗುತ್ತ ಕೇಳಿದರು. ಮುಗಿದ ಮೇಲೆ ಪಕ್ಕದವರಿಗೆ, ನಿಜವಾದ ದೊಡ್ಡೋರು ಯಾವತ್ತೂ ತಮ್ಮನ್ನ ದೊಡ್ಡೋರು ಅನ್ನಕಿಲ್ಲ, ನೋಡ್ರಪ್ಪ ಎಂದರು. ಅಭಿರಾಮನ ಕಾಲಿಗೆ ಮೂರು ಜನ ಬಿದ್ದರು.

ಇಷ್ಟಾದರೆ ಅವನ ಕಷ್ಟ ಅವನಿಗೆ ಎಂದು ಸುಮ್ಮನಿರುತ್ತಿದ್ದೆ. ಆದರೆ ಸಮಿತಿಯವರು ಕಟ್ಟೆಯ ಇಳಿಜಾರಿಗೆ ಒಂದು ಸರಪಳಿ ಕಟ್ಟಿ, 'ದೇವಸ್ಥಾನದ ಆವರಣ, ಇಲ್ಲಿ ಬಟ್ಟೆ ಒಗೆಯಬಾರದು' ಎಂದು ಬೋರ್ಡು ಹಾಕಿದ್ದರು. ಅತ್ತೆ ಬಕೆಟ್ಟಿನ ತುಂಬ ಬಟ್ಟೆ ಇಟ್ಟುಕೊಂಡು ಸರಪಳಿಯ ಈಚೆ ನಿಂತಿದ್ದರು.

"ಏನ್ಲಾ ಬಸ್ವ, ನೀನು ಓದಿಸೋರನ್ನ ಕರ್ಕಂಬತ್ತೀನಿ ಅಂದೆ. ನನ್ನ ಕಲ್ಲನ್ನ ದೇವ್ರು ಮಾಡ್ಬುಟ್ಟು ಹೋದ್ರಿ. ಈಗ ನಿಮ್ಮ ಮಾವನ ಪಂಚೆನ ನಿನ್ನ ತಲೆ ಮೇಲೆ ಒಗೀಲಾ?"

ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ, ಅಷ್ಟೇ.

ಅಲ್ಲಿಂದ ಎರಡು ವಾರ ನಾವು ಪಟ್ಟ ಪಾಡು ಹೇಳತೀರದು. ಕಲ್ಲು ಎತ್ತಲು ಅನುಮತಿ ಕೇಳಿಕೊಂಡು ಒಂದು ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ಹೇಳುವುದಿಲ್ಲ, ನನಗೆ ಇನ್ನೂ ಕೆಲಸ ಬೀಳುತ್ತದೆ. ಅಲ್ಲಿನ ಗುಮಾಸ್ತ ಆಂಜನಪ್ಪ ಬಹಳ ಸಜ್ಜನ, ಅರ್ಜಿಯನ್ನು ಎರಡು ಸಲ ಓದಿದರು. ಕಲ್ಲಾಗಿದ್ದರೆ ಒಂದು ಇಲಾಖೆ, ಶಾಸನವಾಗಿದ್ದರೆ ಇನ್ನೊಂದು, ದೇವರಾಗಿದ್ದರೆ ಮತ್ತೊಂದು, ಬಟ್ಟೆ ಒಗೆಯುವ ಕಲ್ಲಾಗಿದ್ದರೆ ಅದು ನಿಮ್ಮ ಅತ್ತೆಯ ಸ್ವಂತ ವಿಚಾರ, ಇದು ಇವುಗಳಲ್ಲಿ ಯಾವುದು ಎಂದು ಕೇಳಿದರು. ಅಭಿರಾಮ ತುಂಬ ಯೋಚಿಸಿ, ನಾಲ್ಕೂ ಇರಬಹುದು ಎಂದ. ಆಂಜನಪ್ಪನವರು ಹಾಗಾದರೆ ನಾಲ್ಕು ಪ್ರತಿ ತನ್ನಿ ಎಂದರು.

ಗುಬ್ಬಿಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಕರಪತ್ರ ಹೇಗೋ ಪ್ರಿನ್ಸಿಪಾಲರ ವಾಟ್ಸಾಪಿಗೆ ಬಂದಿತ್ತು. ಅವರು ಅಭಿರಾಮನನ್ನು ಕರೆಸಿ, ಬಾಗಿಲು ಹಾಕಿಸಿ, ಇವನು ಕೆಲಸ ಹೋಯಿತೆಂದು ಬೆವರುತ್ತಿರುವಾಗ, ಹೊಸ ಮನೆಯ ಬೋರ್‌ವೆಲ್‌ಗೆ ಒಂದು ಒಳ್ಳೆಯ ದಿನ ನೋಡಿಕೊಡಿ ಎಂದರು. ತಾನು ಆ ಕಾಲದ ತಿಥಿಗಳನ್ನು ಮಾತ್ರ ಹೇಳಬಲ್ಲೆ, ಮುಂದಿನದು ಗೊತ್ತಿಲ್ಲ ಎಂದು ಇವನು ಹೇಳಿದ. ಭೂತಕಾಲ ಗೊತ್ತಿರುವವರಿಗೆ ಭವಿಷ್ಯ ಎಷ್ಟರದು ಎಂದು ಪ್ರಿನ್ಸಿಪಾಲರು ಅವನಿಗೆ ಎದ್ದು ಕುರ್ಚಿ ಕೊಟ್ಟರು. ಅವನು ಸ್ಟಾಫ್ ರೂಮಿಗೆ ಬಂದು, ಬಸವರಾಜ, ನಾನು ಈಗ ಏನು ಎಂದು ನನ್ನನ್ನೇ ಕೇಳಿದ. ನನಗೇನು ಗೊತ್ತು, ನಾನು ಅರ್ಥಶಾಸ್ತ್ರ.

ಗುರುಗಳ ಸೋಮವಾರಕ್ಕೆ ಐದು ದಿನ ಉಳಿದಿತ್ತು. ಅಭಿರಾಮ ಊಟ ಬಿಟ್ಟಿದ್ದ. ಅವನ ಮುಖ ನೋಡಿ ನನಗೂ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಅತ್ತೆಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ಅವರು ಎರಡು ನಿಮಿಷ ಬೈದು, ಆಮೇಲೆ ಒಂದು ದಾರಿ ಹೇಳಿದರು.

"ನಿಲ್ಸಿದ್ದು ನೀವೇ ಅಂತ ಅವ್ರೇ ಬರೆಸವ್ರಲ್ಲ ಸಾಮಿ. ದಿಕ್ಕು ತಪ್ಪಾಯ್ತು, ಎತ್ತಿ ತಿರುಗ್ಸಬೇಕು ಅನ್ನಿ. ಮುಗೀತು."

ಯಾವ ಆಧಾರದ ಮೇಲೆ ಹೇಳಲಿ, ಅದಕ್ಕೆ ಆಕರ ಬೇಕಲ್ಲ ಎಂದ ಅಭಿರಾಮ. ಅತ್ತೆ ಫೋನ್ ಇಟ್ಟುಬಿಟ್ಟರು.

ಕೊನೆಗೂ ನಾನು ಅವನನ್ನು ಎಳೆದುಕೊಂಡು ಹೋಗಿ ಸಮಿತಿಯ ಮುಂದೆ ನಿಲ್ಲಿಸಿದೆ. ಸುಳ್ಳು ಹೇಳಲು ಅವನ ನಾಲಿಗೆ ಏಳಲಿಲ್ಲ. ಕಲ್ಲನ್ನೂ ಸೂರ್ಯನನ್ನೂ ಐದು ನಿಮಿಷ ನೋಡಿ, "ದಿಕ್ಕು ಸರಿ ಇಲ್ಲದೆಯೂ ಇರಬಹುದು," ಎಂದ. ತಪ್ಪು ಎಂದು ನೇರವಾಗಿ ಹೇಳಿದ್ದರೆ ತಿಮ್ಮರಾಜು ವಾದ ಮಾಡುತ್ತಿದ್ದ. 'ಇರಬಹುದು' ಎಂದದ್ದಕ್ಕೆ ಎಲ್ಲರೂ ಹೆದರಿದರು. ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ, ಊರಿಗೆ ಏನೋ ಕಾದಿದೆ ಎಂದು ಹೆಂಗಸರು ಮಾತಾಡಿಕೊಂಡರು. ತಿಮ್ಮರಾಜು ತುಮಕೂರಿನ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಷಡ್ಡಕನಿಗೆ ಅಲ್ಲಿಂದಲೇ ಫೋನು ಮಾಡಿ, ಭಾರ ಎತ್ತುವ ಚೈನ್ ತರಲು ಹೇಳಿದ.

ಭಾನುವಾರ ಬೆಳಗ್ಗೆ ಮೂರು ಕಂಬ ನಿಲ್ಲಿಸಿ ಚೈನು ಕಟ್ಟಿದರು. ಎಂಟು ಜನ ಎಳೆದರು, ಎಂಟನೆಯವನು ನಾನು. ಕಲ್ಲು ಕಿರುಗುಟ್ಟುತ್ತ ಮೇಲೆದ್ದಿತು, ಆದರೆ ಬುಡದ ಸುತ್ತ ಹಿಡಿದ ಕಾಂಕ್ರೀಟೂ ಅದರ ಜೊತೆಗೇ ಎದ್ದುಬಂತು. ಮೂರು ಸಾಲು ಅದರೊಳಗೇ ಉಳಿದವು. ಕಾಂಕ್ರೀಟಿನ ಕೆಳಗೆ, ಮಣ್ಣಿನಲ್ಲಿದ್ದ ತುದಿಯಲ್ಲಿ, ಕಟ್ಟಕಡೆಯ ಸಾಲು ಮಾತ್ರ ಕಾಣಿಸಿತು. ಅಭಿರಾಮ ಮಂಡಿಯೂರಿ ಕೂತು ಮಣ್ಣು ಒರೆಸಿ, ಹಳೆಯ ಸಾಬೂನಿನ ಪದರ ಕೆರೆದ. ಅವನು ಓದದಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ದೇವರು ನನ್ನ ಎದುರಿಗೇ ಚೈನಿನಲ್ಲಿ ನೇತಾಡುತ್ತಿದ್ದರಿಂದ ಬೇಡಿಕೊಳ್ಳುವುದು ಸುಲಭವಾಗಿತ್ತು.

ಅವನು ಗಟ್ಟಿಯಾಗಿಯೇ ಓದಿದ. "ತಡದವರು ಗಂಗೆಯ ತಡಿಯಲು ಕವಿಲೆಯ ಕೊಂದ ಪಾಪದಲು ಹೋಹರು." ಓದಿ ಸುಮ್ಮನಾಗಲಿಲ್ಲ, ತರಗತಿಯಲ್ಲಿ ಮಾಡುವಂತೆ ತಿರುಗಿ ಅರ್ಥವನ್ನೂ ಹೇಳಿದ. ಅಂದರೆ ತಡೆದವರಿಗೆ ಗಂಗೆಯ ದಡದಲ್ಲಿ ಹಸುವನ್ನು ಕೊಂದ ಪಾಪ ಬರುತ್ತದೆ.

ಚೈನು ಹಿಡಿದಿದ್ದ ಮಹಾಲಿಂಗಯ್ಯ ಸಣ್ಣ ದನಿಯಲ್ಲಿ, ತಡೆದವರು ಅಂದರೆ ಯಾರನ್ನ ತಡೆದವರು ಸಾಮಿ ಎಂದು ಕೇಳಿದರು.

"ಅದು ಮೇಲಿನ ಸಾಲಲ್ಲಿದೆ, ಕಾಂಕ್ರೀಟ್ ಒಳಗೆ. ಯಾರು ಬೇಕಾದ್ರೂ ಆಗಿರಬಹುದು."

ಏಳು ಜನ ಒಟ್ಟಿಗೆ ಕೈಬಿಟ್ಟರು. ನಾನು ಬಿಡಲಿಲ್ಲ ಎಂದು ಹೇಳಿಕೊಳ್ಳುವ ಆಸೆಯಿದೆ, ಆದರೆ ಅದಕ್ಕೆ ಆಧಾರವಿಲ್ಲ. ಕಲ್ಲು ಧಡಾರನೆ ಗುಂಡಿಗೆ ಇಳಿದು ಮೊದಲಿನ ಹಾಗೇ ನೆಟ್ಟಗೆ ನಿಂತಿತು. ಕಾಂಕ್ರೀಟ್ ಗುಂಡಿಯ ಅಂಚಿಗೆ ಬಡಿದು ಎರಡು ಹೋಳಾಗಿ ಆಚೀಚೆ ಬಿತ್ತು, ಅಂಚಿನ ಮಣ್ಣು ಕುಸಿದು ಕಲ್ಲಿನ ಬುಡ ಮತ್ತೆ ಹೂತುಹೋಯಿತು. ಅಭಿರಾಮ ಹಿಂದಕ್ಕೆ ಹಾರಿದ್ದರಿಂದ ಉಳಿದ. ಅವನ ಕಾಗದದ ಸುರುಳಿ ಮಾತ್ರ ಉರುಳಿ ಕಟ್ಟೆಯ ನೀರಿಗೆ ಬಿತ್ತು. ಸಮಿತಿಯ ಒಬ್ಬ ಸದಸ್ಯನೂ ಆ ಜಾಗದಲ್ಲಿ ಕಾಣಲಿಲ್ಲ. ಕಲ್ಲನ್ನು ಇನ್ನೊಮ್ಮೆ ಮುಟ್ಟುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಮಾರನೆಯ ದಿನ ಸೋಮವಾರ. ಅಭಿರಾಮ ಗುಂಡಿಯ ಅಂಚಿನಲ್ಲಿ ಕೂತು ಅತ್ತ.

ಅಷ್ಟರಲ್ಲಿ ಅತ್ತೆ ಸರಪಳಿ ದಾಟಿ ಬಂದರು. ಕಾವಲಿಗೆ ಯಾರೂ ಇಲ್ಲದ್ದನ್ನು ನೋಡಿ ಬಕೆಟ್ಟನ್ನೂ ತಂದಿದ್ದರು. ಮುರಿದು ಬಿದ್ದ ಒಂದು ಕಾಂಕ್ರೀಟ್ ಹೋಳನ್ನು ಕಾಲಲ್ಲಿ ಒತ್ತಿ ನೋಡಿದರು, ಹೊರಳಿಸಲು ನನ್ನನ್ನು ಕರೆದರು, ನೀರಿನ ಅಂಚಿಗೆ ಎಳೆಸಿದರು. ಮೇಲ್ಮೈ ಮುಟ್ಟಿ ನೋಡಿ, ತರಿತರಿಯಾಗಿದೆ, ಕೊಳೆ ಚೆನ್ನಾಗಿ ಬಿಡ್ತದೆ ಬುಡು ಎಂದು ಮಾವ ಚನ್ನವೀರಯ್ಯನವರ ಬಿಳಿ ಪಂಚೆಯನ್ನು ಅದರ ಮೇಲೆ ಹರವಿ ಉಜ್ಜತೊಡಗಿದರು.

ಅಭಿರಾಮ ತಲೆಯೆತ್ತಿ ನೋಡಿದ. ಎದ್ದ. ಓಡಿಬಂದು ಪಂಚೆಯನ್ನು ಕಿತ್ತು ಕಾಂಕ್ರೀಟಿನ ಮೇಲೆ ಕೈಯಾಡಿಸಿದ. ಕಲ್ಲಿಗೆ ಎರಡು ಲೀಟರ್ ಎಣ್ಣೆ ಸುರಿದ ಮೇಲೆ ಕಾಂಕ್ರೀಟ್ ಹಾಕಿದ್ದರಲ್ಲ, ಹಾಗಾಗಿ ಅಂಟದೆ ಬಿಟ್ಟುಕೊಂಡಿತ್ತು. ಕಲ್ಲಿನಲ್ಲಿ ಕೊರೆದಿದ್ದ ಮೂರೂ ಸಾಲು ಕಾಂಕ್ರೀಟಿನ ಮೇಲೆ ಉಬ್ಬಿಕೊಂಡು, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಮೂಡಿದ್ದವು. ಕಾಗದ ಇರಲಿಲ್ಲ, ಮಸಿ ಮಾತ್ರ ಅವನ ಚೀಲದಲ್ಲಿತ್ತು. ಅವನು ಅತ್ತೆಯ ಮುಖ ನೋಡಿದ, ಪಂಚೆ ನೋಡಿದ.

"ಆ ಮಸಿ ಹೋಗ್ತದಾ?" ಎಂದರು ಅತ್ತೆ.

"ಹೋಗಬಹುದು," ಎಂದ ಅಭಿರಾಮ. ಅವನ ಜೀವನದಲ್ಲಿ ಗೊತ್ತಿದ್ದೂ ಹೇಳಿದ ಸುಳ್ಳು ಅದೊಂದೇ.

ಮಸಿ ಒತ್ತಿದ ಪಂಚೆಯನ್ನು ಅತ್ತೆಯ ಹಿತ್ತಿಲಿನ ತಂತಿಗೆ ಹಾಕಿ, ಬಿಸಿಲಿಗೆ ಎದುರಾಗಿ ಹಿಂದಿನಿಂದ ನೋಡಿದೆವು. ಅಕ್ಷರ ನೆಟ್ಟಗೆ ಕಂಡವು. ಮಡಿವಳ ಬೀರಯನ ಮಗಳು ಮಾಚಕ್ಕನು ಊರ ಹೆಣ್ಣುಮಕ್ಕಳು ಬಟ್ಟೆಯ ಒಗೆವುದಕ್ಕೆ ಕಟ್ಟಿಸಿದ ನೀರ ಕಟ್ಟೆ, ಯೀ ನೀರಿಂಗೆ ಬಂದವರ, ಎಂದು ಅಲ್ಲಿಗೆ ಮೂರು ಸಾಲು ಮುಗಿಯುತ್ತಿತ್ತು. ಆಮೇಲೆ ಬರುವುದೇ ಕಲ್ಲಿನ ಕೊನೆಯ ಸಾಲು, ತಡೆದವರು ಹಸು ಕೊಂದ ಪಾಪಕ್ಕೆ ಹೋಗುವರು. ಅಭಿರಾಮ ಇದನ್ನೂ ಗಟ್ಟಿಯಾಗಿಯೇ ಓದಿ ಅರ್ಥ ಹೇಳಿದ. ಬೇಲಿಯಾಚೆ ಇಣುಕುತ್ತಿದ್ದ ತಿಮ್ಮರಾಜು ಕೇಳಿಸಿಕೊಂಡ. ಹತ್ತು ನಿಮಿಷದಲ್ಲಿ ಸರಪಳಿ ಇರಲಿಲ್ಲ, ಬೋರ್ಡೂ ಇರಲಿಲ್ಲ. ಆವತ್ತಿನಿಂದ ಅತ್ತೆ ಬಟ್ಟೆ ಒಗೆದ ಮೇಲೆಯೇ ಸ್ವಸ್ತೀಶ್ವರಸ್ವಾಮಿಗೆ ಮಂಗಳಾರತಿ. ಜ್ವರ ಬಂದು ಒಂದು ದಿನ ಮಲಗಿದರೂ ಸಮಿತಿಯವರು ಬಾಗಿಲಿಗೆ ಬಂದು, ಒಂದು ಕರ್ಚೀಫಾದ್ರೂ ಒಗೆದುಬುಡಿ ಅಕ್ಕ ಎನ್ನುತ್ತಾರೆ.

ಸೋಮವಾರ ಸಂಜೆ ಸೀತಾರಾಮಯ್ಯನವರು ಪಂಚೆಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಒಬ್ಬ ಅಗಸಗಿತ್ತಿ ಕಟ್ಟೆ ಕಟ್ಟಿಸಿದ್ದು ದೊಡ್ಡ ವಿಷಯ, ಅದನ್ನು ನೀನು ಹುಡುಕಿದ ರೀತಿಯನ್ನು ಮಾತ್ರ ಲೇಖನದಲ್ಲಿ ಬರೆಯಬೇಡ ಎಂದರು.

ಶುಕ್ರವಾರ ತುಮಕೂರಿನಲ್ಲಿ ಸಂದರ್ಶನ. ಹೊರಗೆ ಹನ್ನೊಂದು ಜನ ಅಭ್ಯರ್ಥಿಗಳು, ಒಬ್ಬೊಬ್ಬರಿಗೂ ಅರ್ಧ ಗಂಟೆ. ಅಭಿರಾಮ ಒಳಗೆ ಹೋಗಿ ಏಳೇ ನಿಮಿಷಕ್ಕೆ ಹೊರಗೆ ಬಂದ. ಅವನ ಕೈಯಲ್ಲಿ ಪಂಚೆ, ಮುಖದಲ್ಲಿ ಗೊಂದಲ.

ಏನಾಯಿತೆಂದು ಕೇಳಿದೆ. ಒಳಗೆ ಐದು ಜನ ಕೂತಿದ್ದರಂತೆ. ನಿಮ್ಮ ಸಂಶೋಧನೆಯ ಬಗ್ಗೆ ಹೇಳಿ ಎಂದರಂತೆ. ಇವನು ಪಂಚೆ ಬಿಡಿಸಿ ಹಿಡಿದು, ಎಲ್ಲರಿಗೂ ಕೇಳುವಂತೆ ಓದಿ, ಬಂದವರನ್ನು ತಡೆದವರಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಬರುತ್ತದೆ ಎಂದು ಅರ್ಥ ಹೇಳಿದನಂತೆ.

"ಐದೂ ಜನ ಒಬ್ರ ಮುಖ ಒಬ್ರು ನೋಡಿದ್ರು, ಪೆನ್ನು ತೆಗೆದು ಸಹಿ ಹಾಕ್ಬಿಟ್ರು ಕಣೋ. ಒಂದನೇ ತಾರೀಖು ಬನ್ನಿ ಅಂದ್ರು. ಒಂದು ಪ್ರಶ್ನೆನೂ ಕೇಳ್ಲಿಲ್ಲ. ಯಾಕಿರಬಹುದು?"

ನಾನು ಹೇಳಲಿಲ್ಲ. ಅವನ ನೌಕರಿಗೆ ಇನ್ನು ಮೂರು ವರ್ಷ ಪ್ರೊಬೇಷನ್ ಇದೆ, ಕಾಯಂ ಆದ ಮೇಲೆ ಹೇಳೋಣ ಎಂದುಕೊಂಡಿದ್ದೇನೆ. ಸದ್ಯಕ್ಕೆ ಅವನು ಪಂಚೆಯನ್ನು ಮಡಿಸಿ ಬ್ಯಾಗಿನಲ್ಲೇ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾನೆ, ಅತ್ತೆ ಮಾತ್ರ ವಾರಕ್ಕೊಮ್ಮೆ ನನಗೇ ಫೋನು ಮಾಡಿ ಮಾವನ ಪಂಚೆ ಎಲ್ಲಿ ಎಂದು ಕೇಳುತ್ತಾರೆ.